ದಂಡಿನ ಸಂಬಳ, ಹೈದರಾಲಿಯ ಅಧಿಕಾರ

ದಂಡಿನ ಅಧಿಕಾರಿಯೊಬ್ಬ ತನ್ನ ಒಡೆಯನ ಅಧಿಕಾರವನ್ನೇ ಕಸಿದುಕೊಂಡನೆಂದರೆ ಅದು ದೂರದೇಶದ ಸುದ್ದಿ ಎಂದುಕೊಳ್ಳುತ್ತೇವೆ. 1967ರ ಏಪ್ರಿಲ್ 21ರಂದು ಗ್ರೀಸ್ ದೇಶದಲ್ಲಿ ಕರ್ನಲ್ ಪಾಪಡೊಪೌಲೊಸ್ ಮತ್ತು ಆತನ ಜೊತೆಗಾರರು ಹಾಗೆ ಮಾಡಿದರು. ಅದಕ್ಕೆ ಇನ್ನೂರು ವರ್ಷ ಮೊದಲೇ ನಮಗೆ ಹತ್ತಿರದ ಶ್ರೀರಂಗಪಟ್ಟಣದಲ್ಲಿ ಅಂಥ ಸಂಗತಿ ನಡೆದಿತ್ತು. ಅದನ್ನು ಮಾಡಿದವನು ಹೈದರಾಲಿ.

ಹೈದರಾಲಿ ಹುಟ್ಟಿದ್ದು ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ಓದುಬರಹ ಬಾರದು, ಆದರೆ ನೆನಪಿನ ಶಕ್ತಿ ಅಪಾರ. 1749ರಲ್ಲಿ ದೇವನಹಳ್ಳಿ ಮುತ್ತಿಗೆಯಲ್ಲಿ ತೋರಿದ ಧೈರ್ಯ ನಂಜರಾಜಯ್ಯನ ಕಣ್ಣಿಗೆ ಬಿತ್ತು. ಆಗ ಸಿಂಹಾಸನದಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರಿದ್ದರೂ ರಾಜ್ಯ ಆಳುತ್ತಿದ್ದವರು ದಳವಾಯಿ ದೇವರಾಜಯ್ಯ ಮತ್ತು ಆತನ ತಮ್ಮ ನಂಜರಾಜಯ್ಯ. 1755ರಲ್ಲಿ ಹೈದರಾಲಿ ದಿಂಡಿಗಲ್ಲಿನ ಫೌಜುದಾರನಾದನು. ಖಂಡೇರಾಯನೆಂಬ ಬ್ರಾಹ್ಮಣ ಅವನ ಲೆಕ್ಕಪತ್ರ ನೋಡುತ್ತಿದ್ದನು.

1758ರಲ್ಲಿ ಸಂಬಳದ ಬಾಕಿಗಾಗಿ ಸಿಪಾಯಿಗಳು ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕೂತರು. ಬೊಕ್ಕಸ ಬರಿದಾಗಿತ್ತು. ಹೈದರಾಲಿ ಬಂದು ಲೆಕ್ಕ ತಪಾಸಿಸಿ ಬಾಕಿ ತೀರಿಸಿದನು. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಲೆಡ್ಜರ್ ಬರೆದ ನನಗೆ ಇಡೀ ಕಥೆಯ ಕೀಲು ಇಲ್ಲಿದೆ ಎನಿಸುತ್ತದೆ. ಸಂಬಳ ಯಾರ ಕೈಯಿಂದ ಬರುತ್ತದೋ ಸಿಪಾಯಿ ಅವರ ಮಾತು ಕೇಳುತ್ತಾನೆ. ಮರುವರ್ಷವೇ ನಂಜರಾಜಯ್ಯ ಅಧಿಕಾರ ಬಿಡಬೇಕಾಯಿತು.

1760ರ ಆಗಸ್ಟಿನಲ್ಲಿ ಖಂಡೇರಾಯನೇ ಅರಮನೆಯವರೊಡನೆ ಸೇರಿ, ಮರಾಠರ ನೆರವು ಕೋರಿ, ಹೈದರಾಲಿಯ ಮೇಲೆ ತೋಪು ಹಾರಿಸಿದನು. ಹೆಂಡತಿ ಮಕ್ಕಳನ್ನು ಬಿಟ್ಟು ಹೈದರಾಲಿ ರಾತ್ರೋರಾತ್ರಿ ಕಾವೇರಿ ದಾಟಿ ಬೆಂಗಳೂರು ಸೇರಿದನು. ಮುಂದೆ ನಂಜರಾಜಯ್ಯನ ಹೆಸರಿನಲ್ಲಿ ಸುಳ್ಳು ಕಾಗದ ಬರೆಸಿ ಖಂಡೇರಾಯನ ದಂಡಿನಲ್ಲಿ ಅನುಮಾನ ಬಿತ್ತಿ, 1761ರಲ್ಲಿ ಶ್ರೀರಂಗಪಟ್ಟಣ ಹಿಡಿದನು. ಖಂಡೇರಾಯನನ್ನು ಗಿಣಿಯಂತೆ ಸಾಕುತ್ತೇನೆಂದು ಮಾತು ಕೊಟ್ಟು, ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ.

ಆದರೆ ಸಿಂಹಾಸನದ ಮೇಲೆ ಹೈದರಾಲಿ ಕೂರಲಿಲ್ಲ. ಒಡೆಯರ ಖರ್ಚಿಗೆ ಮೂರು ಲಕ್ಷ ವರಹದ ಸೀಮೆ ಬಿಟ್ಟು ಉಳಿದದ್ದನ್ನು ತಾನು ಇಟ್ಟುಕೊಂಡನು. ಸಹಿ ಒಬ್ಬರದು, ಕೀಲಿಕೈ ಇನ್ನೊಬ್ಬರದು.

ಇದು ನಮ್ಮ ಸೀಮೆಯನ್ನೂ ಮುಟ್ಟಿತು. ಹಿಂದೂಪುರದಿಂದ ಮಡಕಶಿರಾ ದಾಟಿದರೆ ಸಿಗುವ ಸಿರಾ ಆಗ ಮರಾಠರ ಕೈಯಲ್ಲಿತ್ತು. ಬಸಾಲತ್ ಜಂಗನೊಡನೆ ಸೇರಿ 1761ರಲ್ಲೇ ಅದನ್ನು ಗೆದ್ದು ಸಿರಾದ ನವಾಬನೆಂಬ ಬಿರುದು ಪಡೆದನು. ಕಲ್ಯಾಣದುರ್ಗದವರಿಗೆ ಗೊತ್ತಿರುವ ಗುತ್ತಿ ಕೋಟೆಯನ್ನು 1776ರಲ್ಲಿ ನೀರಿಲ್ಲದಂತೆ ಮಾಡಿ ಹಿಡಿದನು. ಅದರ ದೊರೆ ಮುರಾರಿರಾಯ ಕಬ್ಬಾಳದುರ್ಗದ ಸೆರೆಯಲ್ಲಿ ಸತ್ತನು. ಆ ಮುರಾರಿರಾಯನ ತಂದೆಯಿಂದಲೇ ಹಿಂದೂಪುರಕ್ಕೆ ಹೆಸರು ಬಂತೆಂದು ನಮ್ಮ ಕಡೆ ಹೇಳುತ್ತಾರೆ.

ಗ್ರೀಸಿನಲ್ಲೂ ಮೊದಲು ರಾಜನ ಹೆಸರು ಉಳಿದಿತ್ತು. 1967ರ ಡಿಸೆಂಬರಿನಲ್ಲಿ ರಾಜ ತಿರುಗಿಬಿದ್ದು ಸೋತು ದೇಶ ಬಿಟ್ಟನು. 1973ರಲ್ಲಿ ಪಾಪಡೊಪೌಲೊಸನನ್ನು ಅವನ ದಂಡಿನವರೇ ಇಳಿಸಿದರು. ಪ್ರಜಾಪ್ರಭುತ್ವ ಮರಳಿದ ಮೇಲೆ ಅವನಿಗೆ ಸೆರೆವಾಸವಾಯಿತು. 1999ರಲ್ಲಿ ಬಂದಿಯಾಗಿಯೇ ಸತ್ತನು. ಹೈದರಾಲಿಯನ್ನು ಯಾರೂ ಇಳಿಸಲಾಗಲಿಲ್ಲ. 1782ರ ಡಿಸೆಂಬರ್ 7ರಂದು, ಇಂಗ್ಲಿಷರೊಡನೆ ಯುದ್ಧ ನಡೆದಿರುವಾಗಲೇ, ಚಿತ್ತೂರಿನ ಬಳಿ ಪಾಳೆಯದಲ್ಲಿ ತೀರಿಕೊಂಡನು.

ಹೈದರಾಲಿ ಶೂರನೆಂಬುದು ನಿಜ, ಒಡೆಯರ ಅಧಿಕಾರ ಕಸಿದನೆಂಬುದೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಬೇಕಿಲ್ಲ. ನಮ್ಮ ಸಂವಿಧಾನದಲ್ಲಿ ಸೇನೆಗಳ ಪರಮಾಧಿಕಾರ ರಾಷ್ಟ್ರಪತಿಗಳಲ್ಲಿದೆ, ಅವುಗಳ ಖರ್ಚಿಗೆ ಸಂಸತ್ತಿನ ಒಪ್ಪಿಗೆ ಬೇಕು. ಸಂಬಳದ ಕೀಲಿಕೈ ಒಬ್ಬ ದಂಡನಾಯಕನ ಸೊಂಟದಲ್ಲಿರದೆ ನಾವು ಆರಿಸಿ ಕಳಿಸಿದವರ ಕೈಯಲ್ಲಿದೆ. ಓಟು ಹಾಕಲು ಹೋಗುವಾಗ ಇದು ನಿಮ್ಮ ನೆನಪಿನಲ್ಲಿರಲಿ.