ಸುಟ್ಟುಹೋದ ನಕ್ಷೆ, ಮರಳಿ ಬಂದ ಯಂತ್ರ

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕಪ್ಪು-ಬಿಳುಪು ಟಿ.ವಿ. ಇದೆಯೇ? ಗುಜರಿಯವನು ಬಂದಾಗಲೆಲ್ಲ ಕೊಟ್ಟುಬಿಡೋಣ ಎನ್ನುತ್ತಾರೆ ಮಕ್ಕಳು. ಇರಲಿ ಬಿಡಿ ಎನ್ನುತ್ತಾರೆ ಅಜ್ಜ. ಇಂದು ಅಜ್ಜನ ಪಕ್ಷ ವಹಿಸಿ ಒಂದು ನಿಜ ಕಥೆ ಹೇಳುತ್ತೇನೆ.

ಎರಡನೆಯ ಮಹಾಯುದ್ಧದ ಕಾಲ. ಜರ್ಮನಿಯ ಸೇನಾ ವರಿಷ್ಠರು ಲೊರೆಂಜ್ ಎಂಬ ಯಂತ್ರದ ಮೂಲಕ ಗುಪ್ತಲಿಪಿಯಲ್ಲಿ ಸಂದೇಶ ಕಳುಹಿಸುತ್ತಿದ್ದರು. ಅದನ್ನು ಬಿಡಿಸಲು ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ತಜ್ಞರು ಹಗಲಿರುಳು ದುಡಿಯುತ್ತಿದ್ದರು. ಅವರಿಗಾಗಿ ಅಂಚೆ ಇಲಾಖೆಯ ಇಂಜಿನಿಯರ್ ಟಾಮಿ ಫ್ಲವರ್ಸ್ ಒಂದು ಎಲೆಕ್ಟ್ರಾನಿಕ್ ಯಂತ್ರ ಕಟ್ಟಲು ಹೊರಟರು. ಇವರು ಗಾರೆ ಕೆಲಸದವರೊಬ್ಬರ ಮಗ. ಅಷ್ಟೊಂದು ವಾಲ್ವುಗಳಿರುವ ಯಂತ್ರ ಬಾಳಿಕೆ ಬಂದೀತೇ ಎಂದು ಹಲವರು ಅನುಮಾನಿಸಿದರು. ವಾಲ್ವು ಕೆಡುವುದು ಹೆಚ್ಚಾಗಿ ಆನ್-ಆಫ್ ಮಾಡುವಾಗ, ಸದಾ ಉರಿಯುತ್ತಿದ್ದರೆ ಬಾಳುತ್ತದೆ ಎಂಬುದು ಟೆಲಿಫೋನ್ ಕೆಲಸದ ಅನುಭವದಿಂದ ಅವರಿಗೆ ಗೊತ್ತಿತ್ತು. 1944ರ ಆರಂಭದಲ್ಲಿ ‘ಕೊಲಾಸಸ್’ ಕೆಲಸಕ್ಕೆ ನಿಂತಿತು. ಕಾಗದದ ಪಟ್ಟಿಯಿಂದ ಸೆಕೆಂಡಿಗೆ 5,000 ಅಕ್ಷರಗಳನ್ನು ಓದುತ್ತಿತ್ತು. ಯುದ್ಧ ಮುಗಿಯುವಾಗ ಇಂಥ 10 ಯಂತ್ರಗಳಿದ್ದವು.

ಆಮೇಲೆ ಆಜ್ಞೆ ಬಂತು: ಯಾರಿಗೂ ಹೇಳಕೂಡದು! 8 ಯಂತ್ರಗಳನ್ನು ಬಿಚ್ಚಿಹಾಕಿದರು. ಉಳಿದೆರಡೂ ಮುಂದೆ ಅದೇ ದಾರಿ ಹಿಡಿದವು. 1960ರಲ್ಲಿ ಫ್ಲವರ್ಸ್ ನಕ್ಷೆಗಳನ್ನು ತಮ್ಮ ಕೈಯಾರೆ ಬೆಂಕಿಗೆ ಹಾಕಿದರು. ಅದಕ್ಕೂ ಮೊದಲು, ಇಂಥದೇ ಇನ್ನೊಂದು ಯಂತ್ರ ಕಟ್ಟಲು ಅವರು ಬ್ಯಾಂಕಿನಲ್ಲಿ ಸಾಲ ಕೇಳಿದ್ದರು. ಇದು ಆಗದ ಕೆಲಸ ಎಂದು ಬ್ಯಾಂಕು ಕೈಯಾಡಿಸಿತು. ಈಗಾಗಲೇ ಕಟ್ಟಿದ್ದೇನೆ ಎಂದು ಹೇಳುವ ಹಕ್ಕು ಅವರಿಗಿರಲಿಲ್ಲ.

1993ರಲ್ಲಿ ಟೋನಿ ಸೇಲ್ ಎಂಬ ಇಂಜಿನಿಯರ್ ಇದನ್ನು ಮತ್ತೆ ಕಟ್ಟಲು ಹೊರಟರು. ಕೈಯಲ್ಲಿದ್ದುದು 1945ರ 8 ಫೋಟೋಗಳು ಮತ್ತು ಕೆಲವು ಇಂಜಿನಿಯರುಗಳು ನಿಯಮ ಮೀರಿ ಉಳಿಸಿಕೊಂಡಿದ್ದ ಸರ್ಕ್ಯೂಟ್ ಹಾಳೆಗಳ ತುಣುಕುಗಳು. ಮುಚ್ಚಿಹೋದ ಟೆಲಿಫೋನ್ ಎಕ್ಸ್‌ಚೇಂಜುಗಳಿಂದ ಬಿಡಿಭಾಗಗಳು ಬಂದವು. ಕಾಗದದ ಪಟ್ಟಿ ಓದುವ ಭಾಗವನ್ನು ಹಿಂದೆ ರೂಪಿಸಿದ್ದ ಆರ್ನಾಲ್ಡ್ ಲಿಂಚ್, ಇಳಿವಯಸ್ಸಿನಲ್ಲಿ ಬಂದು ಅದನ್ನೇ ಮತ್ತೊಮ್ಮೆ ರೂಪಿಸಿಕೊಟ್ಟರು. 1996ರ ಜೂನ್ 6ರಂದು ಯಂತ್ರ ಮರಳಿ ಚಾಲೂ ಆಯಿತು. 90 ವರ್ಷದ ಫ್ಲವರ್ಸ್ ಎದುರಿಗೇ ಇದ್ದರು. ಎರಡೇ ವರ್ಷದಲ್ಲಿ, 1998ರಲ್ಲಿ, ಅವರು ತೀರಿಕೊಂಡರು.

ಪ್ರಿಯ ಓದುಗರೇ, ಸೇಲ್ ಇನ್ನೊಂದು ಹತ್ತು ವರ್ಷ ತಡಮಾಡಿದ್ದರೆ? ಬಿಡಿಭಾಗ ಹೇಗೋ ಸಿಗುತ್ತಿತ್ತು. ಬಲ್ಲವರನ್ನು ಎಲ್ಲಿಂದ ತರುವುದು?

ಈಗ ನಿಮ್ಮ ಅಟ್ಟದ ಟಿ.ವಿ.ಗೆ ಬರೋಣ. ದಯವಿಟ್ಟು ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟಿನ ಕಪಾಸಿಟರುಗಳು ಒಣಗಿರುತ್ತವೆ. ಒಮ್ಮೆಲೇ ಕರೆಂಟ್ ಹರಿದರೆ ಒಳಗಿನ ಭಾಗಗಳು ಸುಟ್ಟುಹೋಗಬಹುದು. ಅದಕ್ಕೇ ರಿಪೇರಿಯವರು ಮೊದಲು ಸೀರೀಸ್ ಬಲ್ಬ್ ಹಾಕಿ ನೋಡುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಎಚ್ಚರಿಸುತ್ತದೆ. ಹಿಂಬದಿಯ ಮುಚ್ಚಳವನ್ನಂತೂ ಮಕ್ಕಳು ತೆಗೆಯಲೇಬಾರದು. ಪ್ಲಗ್ ಕಿತ್ತಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಪೆಟ್ಟು ಬಿದ್ದರೆ ಗಾಜು ಸಿಡಿಯಬಹುದು. ಬಲ್ಲ ಮೆಕ್ಯಾನಿಕ್ಕನ್ನೇ ಕರೆಯಿರಿ. ಸೆಟ್ಟಿನಲ್ಲಿ ಆಂಟೆನಾ ಪಿನ್ ಮಾತ್ರ ಇದ್ದರೆ, ಇಂದಿನ ಪೆಟ್ಟಿಗೆಗಳಿಗೆ ಜೋಡಿಸಲು ಆರ್.ಎಫ್. ಮಾಡ್ಯುಲೇಟರ್ ಬೇಕು.

ಹಳೆಯ ಟಿ.ವಿ. ರಿಪೇರಿ ಬಲ್ಲ ಮೆಕ್ಯಾನಿಕ್ಕುಗಳಿಗೂ ಈಗ ತಲೆ ನರೆತಿದೆ. ನಿಮ್ಮ ಊರಿನಲ್ಲಿ ಅಂಥವರೊಬ್ಬರಿದ್ದರೆ ಈ ರಜೆಯಲ್ಲಿ ಮಗನನ್ನೋ ಮಗಳನ್ನೋ ಅವರ ಬಳಿ ಕರೆದೊಯ್ಯಿರಿ. ಅಜ್ಜನನ್ನೂ ಜೊತೆಗೆ ಕೂರಿಸಿ, ಆ ಟಿ.ವಿ. ಮೊದಲು ಮನೆಗೆ ಬಂದ ದಿನ ಏನಾಯಿತೆಂದು ಕೇಳಿ. ಸೆಟ್ಟು ರಿಪೇರಿಯಾಗದಿದ್ದರೂ ಆ ಕಥೆ ನಿಮ್ಮ ಮಕ್ಕಳ ಬಳಿ ಉಳಿಯುತ್ತದೆ.