ಆಟದ ರೈಲೂ ದಿಟದ ವೇಗವೂ

ಆಟವೆಂದರೆ ಹೊತ್ತುಗಳೆಯುವ ಸಾಧನ, ಅದರಿಂದ ಕಲಿಯುವಂಥದೇನೂ ಇಲ್ಲ ಎಂಬ ಮಾತು ಹಳೆಯದು. ಕಂಪ್ಯೂಟರಿನ ಆಟಗಳ ವಿಷಯದಲ್ಲಂತೂ ಹಿರಿಯರು ಇದನ್ನು ಇನ್ನಷ್ಟು ಬಿಗಿಯಾಗಿ ಹೇಳುವುದುಂಟು. ಆದರೆ ಆ ಆಟಗಳಲ್ಲಿ ರೈಲು ಓಡಿಸುವ ಆಟವೆಂಬ ಒಂದು ಸಾಧುಜಾತಿಯಿದೆ. ಅಲ್ಲಿ ವೈರಿಯಿಲ್ಲ, ಬಂದೂಕಿಲ್ಲ. ಹಳಿ, ಎಂಜಿನು, ವೇಳಾಪಟ್ಟಿ ಇಷ್ಟೇ. ಇದನ್ನು ಆಡುವವರ ನಡುವೆ ಮುಗಿಯದ ಒಂದು ಚರ್ಚೆಯಿದೆ: ನಿಂತ ರೈಲು ವೇಗ ಹಿಡಿಯುವ ರೀತಿ ಆಟದಲ್ಲಿ ದಿಟಕ್ಕೆ ಹತ್ತಿರವಾಗಿದೆಯೇ? ಮೇಲುನೋಟಕ್ಕೆ ಇದು ಸಣ್ಣ ಪ್ರಶ್ನೆ. ಒಳಹೊಕ್ಕು ನೋಡಿದರೆ ಅದರಲ್ಲಿ ನ್ಯೂಟನ್ನನ ನಿಯಮವೂ ಇದೆ, ಮನುಷ್ಯನ ಜೀವದ ಪ್ರಶ್ನೆಯೂ ಇದೆ. ಕಲಾ ವಿಭಾಗದವರಾದ ನಮಗೂ ತಿಳಿಯುವಂತೆ ಅದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ದಿಟದ ರೈಲನ್ನು ನೋಡೋಣ. ನಮ್ಮ ದೇಶದ ವ್ಯಾಪ್-7 ಎಂಬ ವಿದ್ಯುತ್ ಎಂಜಿನಿನ ತೂಕ 123 ಟನ್ನು. ಶಕ್ತಿ 6,000 ಅಶ್ವಶಕ್ತಿಗೂ ಮಿಕ್ಕದ್ದು. ಅದರ ಹಿಂದೆ ತಲಾ 50 ಟನ್ನಿನ 24 ಬೋಗಿಗಳನ್ನು ಜೋಡಿಸಿದೆವೆನ್ನಿ. ಒಟ್ಟು ಭಾರ 1,300 ಟನ್ನು ದಾಟಿತು. ಹೊರಡುವಾಗ ಈ ಎಂಜಿನು ಎಳೆಯಬಲ್ಲ ಬಲ ಸುಮಾರು 320 ಕಿಲೋನ್ಯೂಟನ್. ಬಲವನ್ನು ಭಾರದಿಂದ ಭಾಗಿಸಿದರೆ ವೇಗೋತ್ಕರ್ಷ ದೊರೆಯುತ್ತದೆ. ಇಲ್ಲಿ ಅದು ಕಾಲು ಮೀಟರಿಗಿಂತಲೂ ಕಡಿಮೆ. ಎಂದರೆ ಒಂದೊಂದು ಸೆಕೆಂಡಿಗೂ ರೈಲಿನ ವೇಗ ಸೆಕೆಂಡಿಗೆ ಕಾಲು ಮೀಟರಿನಷ್ಟು ಕೂಡ ಏರದು. ಹತ್ತು ಸೆಕೆಂಡು ಕಳೆದರೂ ವೇಗ ಗಂಟೆಗೆ 9 ಕಿ.ಮೀ. ಮುಟ್ಟುವುದಿಲ್ಲ. ಬೀಳ್ಕೊಡಲು ಬಂದವರು ಕಿಟಕಿಯ ಜೊತೆಜೊತೆಗೇ ನಡೆದು ಇನ್ನೂ ನಾಲ್ಕು ಮಾತಾಡಲು ಸಾಧ್ಯವಾಗುವುದು ಇದರಿಂದಲೇ.

ಅಷ್ಟು ಶಕ್ತಿಯಿದ್ದೂ ಎಂಜಿನು ಇನ್ನೂ ಜೋರಾಗಿ ಏಕೆ ಎಳೆಯಬಾರದು? ಏಕೆಂದರೆ ಗಾಲಿಯೂ ಉಕ್ಕು, ಹಳಿಯೂ ಉಕ್ಕು. ಅವೆರಡರ ನಡುವಿನ ಹಿಡಿತ ಎಂಜಿನಿನ ತೂಕದ ಕಾಲುಭಾಗವನ್ನು ಸ್ವಲ್ಪ ಮೀರಿದರೆ ಹೆಚ್ಚು. ಅದಕ್ಕಿಂತ ಬಲ ಹಾಕಿದರೆ ಕೆಸರಿನಲ್ಲಿ ಸಿಕ್ಕಿದ ಲಾರಿಯ ಚಕ್ರದಂತೆ ಗಾಲಿ ನಿಂತಲ್ಲೇ ತಿರುಗುತ್ತದೆ. ಮಳೆ ಬಿದ್ದು ಹಳಿ ನೆನೆದರೆ ಹಿಡಿತ ಇನ್ನೂ ಇಳಿಯುತ್ತದೆ. ಎಂಜಿನಿನಲ್ಲಿ ಮರಳು ತುಂಬಿಟ್ಟು, ಬೇಕಾದಾಗ ಹಳಿಯ ಮೇಲೆ ಉದುರಿಸುವುದು ಇದಕ್ಕಾಗಿಯೇ.

ಎರಡನೆಯ ಕಟ್ಟು ಶಕ್ತಿಯದು. ಶಕ್ತಿಯೆಂದರೆ ಬಲ ಮತ್ತು ವೇಗಗಳ ಗುಣಲಬ್ಧ. ಶಕ್ತಿ ಅಷ್ಟೇ ಇದ್ದು ವೇಗ ಇಮ್ಮಡಿಯಾದರೆ ಬಲ ಅರ್ಧವಾಗಲೇಬೇಕು. ನಮ್ಮ ಎಂಜಿನು 54 ಕಿ.ಮೀ. ವೇಗದಲ್ಲಿ 315 ಕಿಲೋನ್ಯೂಟನ್ನಿನಷ್ಟು ಎಳೆಯಬಲ್ಲದೆಂದು ಲೆಕ್ಕ ಹಾಕಿದರೆ, 108 ಕಿ.ಮೀ. ವೇಗದಲ್ಲಿ ಅದರ ಪಾಲಿಗೆ ಉಳಿಯುವುದು 158 ಮಾತ್ರ. ಅದರಲ್ಲೂ ಒಂದಂಶವನ್ನು ಗಾಳಿಯ ತಡೆ ನುಂಗುತ್ತದೆ. ಆದುದರಿಂದ ರೈಲು ವೇಗವೇರಿದಂತೆಲ್ಲ ಇನ್ನಷ್ಟು ವೇಗ ಗಳಿಸುವುದು ಕಷ್ಟವಾಗುತ್ತ ಹೋಗುತ್ತದೆ.

ಇನ್ನು ಆಟಕ್ಕೆ ಬರೋಣ. 1994ರಲ್ಲಿ ಕ್ರಿಸ್ ಸಾಯರ್ ಎಂಬವರು ರಚಿಸಿದ ಟ್ರಾನ್ಸ್‌ಪೋರ್ಟ್ ಟೈಕೂನ್ ಆಟದ ವಾರಸುದಾರನಂತೆ 2004ರಲ್ಲಿ ಓಪನ್ ಟಿಟಿಡಿ ಎಂಬ ಉಚಿತ ಆಟ ಹೊರಬಂದಿತು. ಅದರಲ್ಲಿ ಆಡುವವನು ಎರಡು ಪದ್ಧತಿಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಹಳೆಯ ಪದ್ಧತಿಯಲ್ಲಿ ಎಂಜಿನಿನ ಶಕ್ತಿಯನ್ನು ರೈಲಿನ ಭಾರದಿಂದ ಭಾಗಿಸಿ, ಬಂದ ವೇಗೋತ್ಕರ್ಷವನ್ನೇ ಮೊದಲಿನಿಂದ ಕೊನೆಯವರೆಗೆ ಬಳಸುತ್ತಾರೆ. ವೇಗ 10 ಇರಲಿ, 100 ಇರಲಿ, ರೈಲು ಒಂದೇ ಹದದಲ್ಲಿ ಏರುತ್ತದೆ. ಇದು ಸುಲಭ, ಆದರೆ ಸುಳ್ಳು. ದಿಟದ ಪದ್ಧತಿಯೆಂದು ಕರೆಯುವ ಇನ್ನೊಂದರಲ್ಲಿ ಎಳೆತಕ್ಕೆ ಮೇಲ್ಮಿತಿಯಿದೆ, ವೇಗವೇರಿದಂತೆ ಬಲ ಇಳಿಯುತ್ತದೆ, ಗಾಳಿಯ ತಡೆಯುಂಟು, ಏರಿನ ಮೇಲಿರುವ ಬೋಗಿಗಳ ಭಾರವನ್ನೂ ಎಣಿಸುತ್ತಾರೆ. ಓಪನ್ ರೈಲ್ಸ್ ಎಂಬ ಮತ್ತೊಂದು ಉಚಿತ ಆಟ ಇನ್ನೂ ಮುಂದೆ ಹೋಗಿ, ಡೇವಿಸ್ ಎಂಬ ಅಮೆರಿಕದ ಎಂಜಿನಿಯರು 1926ರಲ್ಲಿ ಪ್ರಕಟಿಸಿದ ತಡೆಯ ಸೂತ್ರದ ಮಾದರಿಯನ್ನೂ, ಮಳೆಯಲ್ಲಿ ಗಾಲಿ ಜಾರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಏರಿನ ಮಾತು ಬಂದಿತು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿ ಹಳಿ 50 ಮೀಟರಿಗೆ 1 ಮೀಟರು ಏರುತ್ತದೆ. ಕಣ್ಣಿಗೆ ಅದು ಏರೆಂದೇ ತೋರದು. ಆದರೆ ಮೇಲೆ ಹೇಳಿದ ರೈಲನ್ನು ಅಲ್ಲಿ ಹಿಂದಕ್ಕೆ ಜಾರದಂತೆ ಹಿಡಿಯುವುದಕ್ಕೇ 260 ಕಿಲೋನ್ಯೂಟನ್ ಬೇಕು. ವೇಗ ಹೆಚ್ಚಿಸಲು ಉಳಿಯುವುದು 60, ಅಂದರೆ ಸಮನೆಲದ ಐದನೆಯ ಒಂದಂಶಕ್ಕೂ ಕಡಿಮೆ. ಘಟ್ಟಗಳಲ್ಲಿ ತಳ್ಳಲು ಹೆಚ್ಚಿನ ಎಂಜಿನುಗಳನ್ನು ಏಕೆ ಕಟ್ಟುತ್ತಾರೆಂಬುದು ಈ ಒಂದು ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ. ಇದಕ್ಕೆ ಇನ್ನೊಂದು ಪರಿಹಾರ, ಮೋಟಾರುಗಳನ್ನು ಒಂದೇ ಎಂಜಿನಿನಲ್ಲಿಡದೆ ಬೋಗಿಗಳ ಕೆಳಗೆ ಹಂಚುವುದು. 2019ರಲ್ಲಿ ಓಡತೊಡಗಿದ ವಂದೇ ಭಾರತ್ ರೈಲಿನ ಗುಟ್ಟು ಇದೇ.

ಹಾಗಾದರೆ ಎಲ್ಲ ಆಟಗಳೂ ದಿಟವನ್ನೇ ಅನುಸರಿಸಬೇಕೆ? ಅದೂ ಆಗದ ಮಾತು. ಓಪನ್ ಟಿಟಿಡಿಯ ಸಾಮಾನ್ಯ ಎಣಿಕೆಯಲ್ಲಿ ಒಂದು ದಿನವೆಂದರೆ ನಮ್ಮ ಸುಮಾರು ಎರಡು ಸೆಕೆಂಡು. ನಿಜವಾದ ರೈಲು 100 ಕಿ.ಮೀ. ವೇಗಕ್ಕೇರಲು ಮೂರು ನಿಮಿಷ ಹಿಡಿದರೆ, ಆಟದ ಪಂಚಾಂಗದಲ್ಲಿ ಸುಮಾರು ಮೂರು ತಿಂಗಳು ಉರುಳಿಹೋಗುತ್ತದೆ! ಯುಗಾದಿಗೆ ಹೊರಟ ಗಾಡಿ ವೇಗ ಹಿಡಿಯುವಷ್ಟರಲ್ಲಿ ಮುಂಗಾರು ಬಂದಿರುತ್ತದೆ. ಆದುದರಿಂದ ಆಟ ಕಾಲವನ್ನು ಕುಗ್ಗಿಸಲಿ, ದೂರವನ್ನು ಕುಗ್ಗಿಸಲಿ. ಭಾರ, ಬಲ, ವೇಗಗಳ ಪರಸ್ಪರ ಸಂಬಂಧವನ್ನು ಮಾತ್ರ ಕೆಡಿಸಬಾರದು. ನಾಟಕದಲ್ಲಿ ರಾಜನ ಕಿರೀಟ ರಟ್ಟಿನದಾದರೂ ಆಗಬಹುದು. ಅವನ ಮಾತು ಮಾತ್ರ ರಾಜನದಾಗಿರಬೇಕು.

ಈ ಸಂಬಂಧವನ್ನು ತಿಳಿಯುವುದರಿಂದ ಆಗುವ ಪ್ರಯೋಜನ ಆಟದ ಹೊರಗಿದೆ. ವೇಗ ಪಡೆಯಲು ತಡವಾಗುವ ಭಾರಕ್ಕೆ ವೇಗ ಬಿಡಲೂ ತಡವಾಗುತ್ತದೆ. 108 ಕಿ.ಮೀ. ವೇಗದ ರೈಲು ಸೆಕೆಂಡಿಗೆ ಅರ್ಧ ಮೀಟರಿನಂತೆ ವೇಗ ಕಳೆದುಕೊಳ್ಳುತ್ತ ನಿಲ್ಲಲು ಒಂದು ನಿಮಿಷವೂ 900 ಮೀಟರು ಹಾದಿಯೂ ಬೇಕು. ಹಳಿಯ ಬದಿಯ ಊರುಗಳಲ್ಲಿ ಕಾಲುದಾರಿ ಉಳಿಸಲೆಂದು ಹಳಿ ದಾಟುವವರು ಬಹಳ ಮಂದಿ. ಬಸ್ಸಿನಂತೆ ರೈಲೂ ನಮ್ಮನ್ನು ಕಂಡು ನಿಲ್ಲುತ್ತದೆಂಬ ನಂಬಿಕೆ ಅವರಲ್ಲಿ ಅನೇಕರದು. ಚಾಲಕನು ಕಂಡರೂ, ಮನಸ್ಸು ಮಾಡಿದರೂ, ರೈಲು ನಿಲ್ಲಲಾರದು. ನಮ್ಮಲ್ಲಿ ಎಷ್ಟೋ ಜನ ಮನೆತನದಲ್ಲೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಓದಿದ್ದನ್ನು ಮನೆಯವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ನಮ್ಮ ಪಾಲಿನ ಕೆಲಸ. ಸೂತ್ರವನ್ನು ಬಿಟ್ಟು ಆ 900 ಮೀಟರಿನ ಲೆಕ್ಕವೊಂದನ್ನು ಹಳಿಯಾಚೆ ಹೊಲವಿರುವ ಒಬ್ಬರಿಗೆ ಮುಟ್ಟಿಸಿದರೂ ಆಟದಲ್ಲಿ ಕಳೆದ ಹೊತ್ತು ವ್ಯರ್ಥವಾಗಲಿಲ್ಲವೆಂದೇ ತಿಳಿಯಬೇಕು.