ರ್‍ಯಾಲಿ ಚಾಲಕನ ಚೌಕಿಗೆ ಹೋಗುವ ದಾರಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಮಣ್ಣುರಸ್ತೆ, ಜೀಪು, ಮಳೆಗಾಲದ ರಾಡಿ ಹೊಸತಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ್‍ಯಾಲಿ ಎಂದರೆ ಬೈಕು ಹತ್ತಿ ಹೊರಡುವವರು ನಮ್ಮಲ್ಲಿದ್ದಾರೆ. ಆದರೂ ಚಾಲಕರಿಗೂ ಅಭಿಮಾನಿಗಳಿಗೂ ನಡುವೆ ಕೆಲವು ತಪ್ಪು ತಿಳಿವಳಿಕೆಗಳು ಅಡ್ಡ ನಿಂತಿವೆ. ನಾವೂ ಅವನ್ನು ನಂಬಿದ್ದವರೇ.

ತಿರುವಿಗೆ ಹತ್ತಿರ ನಿಂತಷ್ಟೂ ಚಾಲಕನಿಗೆ ಹುರುಪು ಎಂಬ ನಂಬಿಕೆ.

ವಾಸ್ತವ: ಹಿಡಿತ ತಪ್ಪಿದ ಕಾರು ಸಾಮಾನ್ಯವಾಗಿ ತಿರುವಿನ ಹೊರಮಗ್ಗುಲಿಗೆ ಜಾರುತ್ತದೆ. ಫೋಟೊ ಚೆನ್ನಾಗಿ ಬರುತ್ತದೆಂದು ನಾವು ನಿಲ್ಲುವುದೂ ಅಲ್ಲೇ. ಸಹಚಾಲಕ ಓದುವ ಪೇಸ್‌ನೋಟ್‌ನಲ್ಲಿ ತಿರುವು, ದಿಬ್ಬ, ಮೋರಿ ಎಲ್ಲ ಬರೆದಿರುತ್ತದೆ. ಹಾದಿಗೆ ಇಳಿದ ನಾವು ಅದರಲ್ಲಿ ಇರುವುದಿಲ್ಲ. 1986ರ ಪೋರ್ಚುಗಲ್ ರ್‍ಯಾಲಿಯಲ್ಲಿ ಕಾರು ಜನರ ನಡುವೆ ನುಗ್ಗಿ ಮೂವರು ಪ್ರೇಕ್ಷಕರು ಸತ್ತರು. ಕಂಪನಿ ತಂಡಗಳ ಚಾಲಕರು ಸ್ಪರ್ಧೆಯನ್ನೇ ಬಿಟ್ಟು ಹೊರಬಂದರು. 2019ರಲ್ಲಿ ರಾಜಸ್ಥಾನದ ಬಾರ್ಮೇರ್ ಬಳಿ ರ್‍ಯಾಲಿ ನಡೆಯುತ್ತಿದ್ದ ಹಾದಿಗೆ ಬೈಕೊಂದು ಬಂದು ಒಂದೇ ಕುಟುಂಬದ ಮೂವರು ಪ್ರಾಣ ಕಳೆದುಕೊಂಡರು. ಧರೆಯ ಮೇಲೆ, ಟೇಪಿನ ಹಿಂದೆ, ಓಡಲು ಜಾಗವಿರುವ ಕಡೆ ನಿಲ್ಲಿ ಎಂದು ಊರಿನ ಚಾಲಕನೇ ಹಿಂದಿನ ದಿನ ಬಂದು ಹೇಳಲಿ. ಪೊಲೀಸರ ಸೀಟಿಗಿಂತ ಆ ಮಾತನ್ನು ಹುಡುಗರು ಹೆಚ್ಚು ಕೇಳುತ್ತಾರೆ. ಅಭಿಮಾನಿಯ ಜೊತೆ ನಂಟು ಶುರುವಾಗಬೇಕಾದದ್ದು ಇಲ್ಲಿಂದ.

ಮಾತಾಡಿಸಿದರೂ ನಿಲ್ಲದ ಚಾಲಕರಿಗೆ ಅಹಂಕಾರ ಎಂಬ ದೂರು.

ವಾಸ್ತವ: ಕಾರು ದುರಸ್ತಿಯಾಗುವ ಸರ್ವೀಸ್ ಪಾರ್ಕ್ ಎಂದರೆ ಯಕ್ಷಗಾನದ ಚೌಕಿ ಇದ್ದಂತೆ. ವೇಷ ಕಟ್ಟುವಾಗ ಚೆಂಡೆ ಕೇಳಿಸುತ್ತಿದ್ದರೆ ಕಲಾವಿದ ಹರಟೆಗೆ ಕೂರುತ್ತಾನೆಯೇ? ಇಲ್ಲೂ ದುರಸ್ತಿಗೆ ಕೊಟ್ಟ ನಿಮಿಷಗಳು ಎಣಿಸಿದಷ್ಟೇ, ಮೀರಿದರೆ ದಂಡ. ಆದರೆ ಚೌಕಿಯಲ್ಲಿ ಇಣುಕಿ ನೋಡಿದ ಮಕ್ಕಳೇ ಮುಂದೆ ಆಟದ ಹುಚ್ಚು ಹತ್ತಿಸಿಕೊಳ್ಳುವುದು. ಹಗ್ಗದಾಚೆ ನಿಂತವರಿಗೆ ಏನು ಬಿಚ್ಚುತ್ತಿದ್ದಾರೆ, ಏಕೆ ಬಿಚ್ಚುತ್ತಿದ್ದಾರೆ ಎಂದು ಕನ್ನಡದಲ್ಲಿ ಹೇಳಲು ತಂಡದ ಒಬ್ಬರಾದರೂ ಬೇಕು. ಕೊನೆಯ ಹಂತ ಮುಗಿದ ಮೇಲೆ ಚಾಲಕ ಅರ್ಧ ಗಂಟೆ ನಿಂತರೆ ಸಾಕು. ಸಹಚಾಲಕರನ್ನೂ ಮುಂದೆ ಕರೆಯಬೇಕು. ಕಾಸರಗೋಡಿನ ಮೊಗ್ರಾಲ್‌ನ ಮೂಸಾ ಷರೀಫ್ ದೇಶದ ಹೆಸರಾಂತ ಸಹಚಾಲಕರು. ಅವರ ಕೆಲಸ ಎಂಥದೆಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹುಲಿಕಲ್, ಆಗುಂಬೆ ಘಾಟಿಯಲ್ಲಿ ಕಾರು ಹಾರಿಸಿ ತೋರಿಸಿದರೆ ಜನ ಮೆಚ್ಚುತ್ತಾರೆ ಎಂಬ ಎಣಿಕೆ.

ವಾಸ್ತವ: ವೇಗ ಇರುವುದು ಮುಚ್ಚಿದ ಹಾದಿಯ ಹಂತಗಳಲ್ಲಿ ಮಾತ್ರ. ಒಂದು ಹಂತದಿಂದ ಇನ್ನೊಂದಕ್ಕೆ ಸಾರ್ವಜನಿಕ ರಸ್ತೆಯಲ್ಲಿ ಹೋಗುವಾಗ ರ್‍ಯಾಲಿ ಕಾರೂ ಸಂಚಾರ ನಿಯಮ ಪಾಲಿಸಬೇಕು. ಸಮಯ ತಪಾಸಣೆಗೆ ಒಂದು ನಿಮಿಷ ತಡವಾದರೆ ಸಾಮಾನ್ಯವಾಗಿ 10 ಸೆಕೆಂಡು ದಂಡ, ಒಂದು ನಿಮಿಷ ಮುಂಚೆ ಹೋದರೆ ಪೂರಾ ಒಂದು ನಿಮಿಷ. ಅವಸರಕ್ಕೇ ಹೆಚ್ಚು ಶಿಕ್ಷೆ ಎಂಬ ಈ ಲೆಕ್ಕವನ್ನು ಕಾಲೇಜು ಹುಡುಗರಿಗೆ ಚಾಲಕರೇ ಬಿಡಿಸಿ ಹೇಳಬೇಕು.

ಓಟಕ್ಕೆ ಮುನ್ನ ಜನ ಕಾರು ಮುಟ್ಟಿದರೆ ದೃಷ್ಟಿ ತಾಗುತ್ತದೆ, ನಿಂಬೆಹಣ್ಣು ಇಡದಿದ್ದರೆ ಕೆಡುಕು ಎಂಬ ಭಯ.

ವಾಸ್ತವ: ಪೂಜೆ ಮನಸ್ಸಿಗೆ ಧೈರ್ಯ ಕೊಡುವುದಾದರೆ ಮಾಡಲಿ. ಆದರೆ ಕಾರು ಕೆಡುವುದು ಕಲ್ಲು ಬಡಿದು, ಟಯರ್ ಸೀಳಿ, ನೋಟ್ ಒಂದು ತಿರುವು ತಪ್ಪಿ. ಜನರನ್ನು ದೂರ ಇಡಲು ಕಾದ ಸೈಲೆನ್ಸರ್, ಜಾಕ್ ಮೇಲಿನ ಕಾರು ಇಂಥ ಗಟ್ಟಿ ಕಾರಣಗಳೇ ಇವೆ. ಅವನ್ನು ಹೇಳಿದರೆ ಯಾರೂ ಬೇಸರಿಸುವುದಿಲ್ಲ. ದೃಷ್ಟಿಯ ಹೆಸರಲ್ಲಿ ದೂಡಿದರೆ ಮನಸ್ಸು ನೋಯುತ್ತದೆ.

ಗೆದ್ದವರಿಗಷ್ಟೇ ಅಭಿಮಾನಿಗಳು ಎಂಬ ಮಾತು.

ವಾಸ್ತವ: ಬೆಂಗಳೂರಿನ ಸಿ.ಎಸ್. ಸಂತೋಷ್ 2015ರ ಡಾಕರ್ ರ್‍ಯಾಲಿಯಲ್ಲಿ ಬೈಕ್ ಓಡಿಸಿ ಮುಗಿಸಿದ್ದು 36ನೇ ಸ್ಥಾನದಲ್ಲಿ. ಅದನ್ನು ಪೂರೈಸಿದ ಮೊದಲ ಭಾರತೀಯ ಎಂದೇ ನಾವು ಅವರನ್ನು ನೆನೆಯುತ್ತೇವೆ. ಹಾಗಾಗಿ ನಮ್ಮ ಚಾಲಕರು ನಜ್ಜುಗುಜ್ಜಾದ ಕಾರನ್ನು ಶೆಡ್ಡಿನಲ್ಲಿ ಮುಚ್ಚಿಡಬೇಕಿಲ್ಲ. ಸಾಗರದ ಮಾರಿಕಾಂಬಾ ಜಾತ್ರೆಗೋ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೋ ತಂದು ನಿಲ್ಲಿಸಲಿ. ಬಾಗಿದ ಬಾಗಿಲು, ಒಳಗೆ ಜೀವ ಉಳಿಸಿದ ಕಬ್ಬಿಣದ ಪಂಜರ, ಎರಡನ್ನೂ ಮಕ್ಕಳು ಮುಟ್ಟಿ ನೋಡಲಿ.